ಬಚ್ಚಲುಮನೆಯ ಬೆಂಕಿ

ದೀಪಾವಳಿಯ ನೀರು ತುಂಬುವ ಹಬ್ಬದಂದು ಬಚ್ಚಲುಮನೆಯ ಹಂಡೆಯನ್ನು ಬೆಳಗಿ, ಹೂವಿನಿಂದ ಸಿಂಗರಿಸಿ, ನೀರು ತುಂಬಿಸುವುದು ಕನ್ನಡ ನಾಡಿನ ಹಳೆಯ ಪದ್ಧತಿ. ಹಂಡೆಯ ಕೆಳಗೆ ಸೌದೆಯ ಒಲೆ. ಹೆಂಚಿನ ಸಂದಿಯಿಂದ ಹೊರಹೋಗುವ ಹೊಗೆ. ನೀರು ಕಾಯದಿದ್ದರೆ ಕಾರಣ ಕಣ್ಣೆದುರಿಗೇ ಇರುತ್ತಿತ್ತು: ಸೌದೆ ಹಸಿಯಾಗಿರಬೇಕು, ಇಲ್ಲವೆ ಒಲೆಯಲ್ಲಿ ಬೂದಿ ತುಂಬಿರಬೇಕು. ಇಂದು ಅನೇಕ ಮನೆಗಳಲ್ಲಿ ಹಂಡೆಯ ಸ್ಥಾನಕ್ಕೆ ಗ್ಯಾಸ್ ಗೀಸರ್ ಬಂದಿದೆ. ನಲ್ಲಿ ತಿರುಗಿಸಿದೊಡನೆ ಬಿಸಿನೀರು ಸುರಿಯುತ್ತದೆ. ಆದರೆ ಸುರಿಯದಿದ್ದಾಗ ಕಾರಣವು ಪೆಟ್ಟಿಗೆಯೊಳಗೆ ಅಡಗಿರುತ್ತದೆ. ಅದನ್ನು ಅರಸಲು ಯಂತ್ರವು ಕೆಲಸ ಮಾಡುವ ಬಗೆಯನ್ನು ತಿಳಿದಿರಬೇಕು.

ಗ್ಯಾಸ್ ಗೀಸರಿನಲ್ಲಿ ನೀರನ್ನು ಕೂಡಿಡುವ ತೊಟ್ಟಿಯಿಲ್ಲ. ತಾಮ್ರದ ಕೊಳವೆಯಲ್ಲಿ ಹರಿಯುತ್ತಿರುವಾಗಲೇ ನೀರು ಕಾಯುತ್ತದೆ. ನಲ್ಲಿಯನ್ನು ತೆರೆದಾಗ ಹರಿಯುವ ನೀರಿನ ಒತ್ತಡವು ಒಳಗಿನ ರಬ್ಬರಿನ ಪೊರೆಯನ್ನು ತಳ್ಳುತ್ತದೆ. ಆಗ ಅನಿಲದ ದಾರಿ ತೆರೆಯುತ್ತದೆ. ಬ್ಯಾಟರಿಯ ಬಲದಿಂದ ಹಾರಿದ ಕಿಡಿಯು ಅನಿಲವನ್ನು ಹೊತ್ತಿಸುತ್ತದೆ. ನಲ್ಲಿಯನ್ನು ಮುಚ್ಚಿದರೆ ಉರಿ ತಾನಾಗಿ ಆರುತ್ತದೆ.

ಉರಿ ಹೊತ್ತದಿದ್ದರೆ ನೀರು, ಕಿಡಿ, ಅನಿಲ ಈ ಮೂರನ್ನೂ ಒಂದೊಂದಾಗಿ ಪರೀಕ್ಷಿಸಬೇಕು. ಕಿಡಿಯ ಚಟಚಟ ಸದ್ದು ಕೇಳದಿದ್ದರೆ ಬ್ಯಾಟರಿ ಮುಗಿದಿರಬಹುದು, ಅಥವಾ ನೀರಿನ ಒತ್ತಡ ಸಾಲದಿರಬಹುದು. ನೀರು 10 ಮೀಟರ್ ಎತ್ತರದಿಂದ ಇಳಿದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ದೊರೆಯುತ್ತದೆ. 2 ಮೀಟರ್ ಎತ್ತರದಿಂದ ಅದರ ಐದನೆಯ ಒಂದು ಭಾಗ ಮಾತ್ರ. ಆದ್ದರಿಂದಲೇ ತೊಟ್ಟಿಗೆ ಸಮೀಪವಾದ ಮೇಲಿನ ಅಂತಸ್ತಿನಲ್ಲಿ ಈ ತೊಂದರೆ ಹೆಚ್ಚು. ನೀರು ಒಳಬರುವ ಕಡೆಯ ಜಾಲರಿಯಲ್ಲಿ ಮರಳು ಸಿಕ್ಕಿಕೊಂಡರೂ ಹೀಗಾಗುತ್ತದೆ. ಸದ್ದು ಕೇಳಿಯೂ ಉರಿ ಕಾಣದಿದ್ದರೆ ಸಿಲಿಂಡರ್ ಬರಿದಾಗಿರಬಹುದು. ಅನಿಲದ ವಾಸನೆ ಬಂದರಂತೂ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ರೆಗ್ಯುಲೇಟರನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆಯಬೇಕು. ವಿದ್ಯುತ್ತಿನ ಸ್ವಿಚ್ಚನ್ನು ಮುಟ್ಟಬಾರದು.

ಕೆಲವೊಮ್ಮೆ ಉರಿಯಿದ್ದರೂ ನೀರು ಉಗುರುಬೆಚ್ಚಗೆ ಮಾತ್ರ ಇರುತ್ತದೆ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು ಒಂದು ಕಿಲೋಕ್ಯಾಲೊರಿ ಉಷ್ಣ ಬೇಕು. ಉರಿಯಿಂದ ನೀರಿಗೆ ನಿಮಿಷಕ್ಕೆ 150 ಕಿಲೋಕ್ಯಾಲೊರಿ ದೊರೆಯುವುದಾದರೆ, ನಿಮಿಷಕ್ಕೆ 6 ಲೀಟರ್ ಹರಿದಾಗ ಉಷ್ಣತೆ 25 ಡಿಗ್ರಿ ಏರುತ್ತದೆ. 5 ಲೀಟರ್ ಹರಿದಾಗ 30 ಡಿಗ್ರಿ. ಚಳಿಗಾಲದಲ್ಲಿ ತೊಟ್ಟಿಯ ನೀರೇ ತಣ್ಣಗಿರುವುದರಿಂದ ಹರಿವನ್ನು ತುಸು ತಗ್ಗಿಸಿದರೆ ಸಾಕು. ಕೊಳವೆಬಾವಿಯ ಗಡಸು ನೀರಾದರೆ ಬೇರೊಂದು ಕಾರಣವುಂಟು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟಾಗಿ, ಕೊಳವೆಯೊಳಗೆ ಬಿಳಿಯ ಪದರವಾಗಿ ಕಟ್ಟಿಕೊಳ್ಳುತ್ತದೆ. ಆ ಪದರವು ಉಷ್ಣವನ್ನು ತಡೆಯುತ್ತದೆ, ನೀರಿನ ದಾರಿಯನ್ನೂ ಕಿರಿದುಗೊಳಿಸುತ್ತದೆ. ಅದನ್ನು ತೆಗೆಯುವುದು ಬಲ್ಲ ಕೆಲಸಗಾರನ ಕೆಲಸ.

ಇವೆಲ್ಲ ಕಾಣುವ ದೋಷಗಳು. ಬಿಸಿನೀರು ಸರಿಯಾಗಿ ಬರುತ್ತಿರುವಾಗಲೇ ಉಂಟಾಗುವ, ಕಣ್ಣಿಗೆ ಕಾಣದ ದೋಷವೊಂದಿದೆ. ಉರಿಗೆ ಅನಿಲದಷ್ಟೇ ಗಾಳಿಯೂ ಅಗತ್ಯ. ಒಂದು ಪಾಲು ಅನಿಲವು ಪೂರ್ಣವಾಗಿ ಉರಿಯಲು 25ರಿಂದ 30 ಪಾಲು ಗಾಳಿ ಬೇಕು. ಮುಚ್ಚಿದ ಚಿಕ್ಕ ಸ್ನಾನಗೃಹದೊಳಗೆ ಗೀಸರ್ ಉರಿದರೆ ಅಲ್ಲಿಯ ಆಮ್ಲಜನಕ ಬೇಗನೆ ಕಡಿಮೆಯಾಗುತ್ತದೆ. ದಹನ ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಇದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಮೊದಲ ಲಕ್ಷಣಗಳು. ಬಳಿಕ ಕೈಕಾಲುಗಳ ಶಕ್ತಿ ಉಡುಗುತ್ತದೆ. ಎರಡು ಹೆಜ್ಜೆ ದೂರದ ಅಗುಳಿಯನ್ನು ತೆಗೆಯಲೂ ಆಗದು. ಹೀಗೆ ಸ್ನಾನಕ್ಕೆ ಹೋದವರು ಮರಳಿ ಬಾರದ ಪ್ರಸಂಗಗಳು ನಮ್ಮ ನಾಡಿನಲ್ಲಿಯೂ ನಡೆದಿವೆ.

ಆದುದರಿಂದ ಗ್ಯಾಸ್ ಗೀಸರನ್ನು ಸ್ನಾನಗೃಹದ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇರಿಸಿ, ಬಿಸಿನೀರನ್ನು ಮಾತ್ರ ಕೊಳವೆಯಿಂದ ಒಳಗೆ ತರಬೇಕು. ನೀಲಿಯಾಗಿರಬೇಕಾದ ಜ್ವಾಲೆ ಹಳದಿಯಾದರೆ, ಮಸಿ ಕಂಡರೆ, ರಿಪೇರಿಯಾಗುವವರೆಗೆ ಅದನ್ನು ಬಳಸಬಾರದು. ಯಾರಾದರೂ ಕುಸಿದು ಬಿದ್ದಿದ್ದರೆ ಬಾಗಿಲು ತೆರೆದು, ಅನಿಲವನ್ನು ನಿಲ್ಲಿಸಿ, ಅವರನ್ನು ಹೊರಗಿನ ಗಾಳಿಗೆ ಸಾಗಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹಳೆಯ ಒಲೆಯ ಹೊಗೆ ಕಣ್ಣು ಉರಿಸಿ ಮನುಷ್ಯನನ್ನು ಎಚ್ಚರಿಸುತ್ತಿತ್ತು. ಹೊಸ ಯಂತ್ರವು ಹಾಗೆ ಎಚ್ಚರಿಸುವುದಿಲ್ಲ; ಆ ಎಚ್ಚರವನ್ನು ಬಳಸುವವರೇ ವಹಿಸಬೇಕು. ಬಿಸಿನೀರು ಬಾರದ ದಿನ ತಣ್ಣೀರಿನಲ್ಲಿ ಮೀಯಬಹುದು. ಗಾಳಿಗೆ ಬದಲಾಗಿ ಬಳಸಬಹುದಾದದ್ದು ಯಾವುದೂ ಇಲ್ಲ.