ಖಾತೆಯಿದ್ದ ಮಾತ್ರಕ್ಕೆ ಮನೆ ನಮ್ಮದೆ?

ಮನೆ ಕೊಳ್ಳುವುದೆಂದರೆ ಸಾಧಾರಣ ಗೃಹಸ್ಥನಿಗೆ ಜನ್ಮಕ್ಕೊಮ್ಮೆ ಒದಗುವ ಕಾರ್ಯ. ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಹಣ, ಹೆಂಡತಿಯ ಒಡವೆ, ನಿವೃತ್ತಿಯ ಕಾಲಕ್ಕೆ ಬಂದ ಗಂಟು, ಅದೂ ಸಾಲದಿದ್ದರೆ ಇಪ್ಪತ್ತು ವರ್ಷ ತೀರಿಸಬೇಕಾದ ಬ್ಯಾಂಕಿನ ಸಾಲ, ಇಷ್ಟೂ ಒಂದೇ ದಿನ ಕೈಬಿಟ್ಟು ಹೋಗುತ್ತವೆ. ಸಂತೆಯಲ್ಲಿ ಬದನೆಕಾಯಿಯನ್ನು ಸಹ ತಿರುವಿ ತಿರುವಿ ನೋಡಿ ಕೊಳ್ಳುವ ನಾವು ಮನೆಯ ವಿಷಯದಲ್ಲಿ ಗೋಡೆಯ ಬಿರುಕು, ನೀರಿನ ಅನುಕೂಲ, ಬಾಗಿಲಿನ ದಿಕ್ಕು ಇವನ್ನೆಲ್ಲ ಚೆನ್ನಾಗಿಯೇ ಪರೀಕ್ಷಿಸುತ್ತೇವೆ. ಕಾಗದಪತ್ರಗಳ ಮಾತು ಬಂದಾಗ ಮಾತ್ರ, "ಖಾತೆ ಅವರ ಹೆಸರಿನಲ್ಲಿದೆಯಷ್ಟೆ? ಕಂದಾಯ ಕಟ್ಟಿದೆಯಷ್ಟೆ? ಇನ್ನೇನು ಬೇಕು?" ಎಂದು ಸಮಾಧಾನ ಹೊಂದುತ್ತೇವೆ. ಕರ್ನಾಟಕದಲ್ಲಿ ಮನೆ ಕೊಂಡು ಕಷ್ಟಕ್ಕೆ ಸಿಕ್ಕಿದವರಲ್ಲಿ ಅನೇಕರು ಎಡವಿದುದು ಈ ಸಮಾಧಾನದ ಮೆಟ್ಟಿಲಿನಲ್ಲಿಯೇ.

ಖಾತೆಯೆಂದರೆ ಏನು? ಒಂದು ಸ್ವತ್ತಿನ ಕಂದಾಯವನ್ನು ಯಾರಿಂದ ವಸೂಲು ಮಾಡಬೇಕೆಂದು ನಗರಪಾಲಿಕೆಯೋ ಪುರಸಭೆಯೋ ಗ್ರಾಮಪಂಚಾಯಿತಿಯೋ ಬರೆದಿಟ್ಟುಕೊಳ್ಳುವ ಲೆಕ್ಕ. ಅದು ಕಂದಾಯದ ದಾಖಲೆಯೇ ಹೊರತು ಒಡೆತನವನ್ನು ಕೊಡುವ ಪತ್ರವಲ್ಲ. ಖಾತೆಯಿಂದಾಗಲಿ ಮ್ಯುಟೇಷನ್ನಿನಿಂದಾಗಲಿ ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಎಷ್ಟೋ ಸಲ ಹೇಳಿದೆ. ಹಾಗೆಂದು ಖಾತೆ ಬೇಡವೆಂದಲ್ಲ. 2024ರ ಅಕ್ಟೋಬರಿನಿಂದ ಬೆಂಗಳೂರು ನಗರದ ಸ್ವತ್ತುಗಳ ನೋಂದಣಿಗೆ ಇ-ಖಾತೆ ಬೇಕೇಬೇಕೆಂದಾಗಿದೆ. ಗ್ರಾಮಪಂಚಾಯಿತಿಯ ಎಲ್ಲೆಯಲ್ಲಿ ನಮೂನೆ 9 ಮತ್ತು ನಮೂನೆ 11ನ್ನು ಕೇಳುತ್ತಾರೆ. ಆದರೆ ಒಡೆತನ ಬರುವ ದಾರಿಯೇ ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 54ನೆಯ ಪ್ರಕರಣದಂತೆ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತಿನ ಮಾರಾಟವು ನೋಂದಣಿಯಾದ ಕ್ರಯಪತ್ರದಿಂದಲೇ ಆಗತಕ್ಕದ್ದು. ಮಾರುವೆನೆಂಬ ಕರಾರುಪತ್ರವು ಎಷ್ಟು ಹಣ ಪಡೆದು ಬರೆದುದಾದರೂ ತಾನಾಗಿಯೇ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸದೆಂದು ಅದೇ ಪ್ರಕರಣವು ಹೇಳುತ್ತದೆ.

ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬಾರದು. ಆದುದರಿಂದ ಮಾರುವವನಿಗೆ ಅದು ಯಾರಿಂದ ಬಂದಿತು, ಅವರಿಗೆ ಯಾರಿಂದ ಬಂದಿತು ಎಂದು ಪತ್ರದಿಂದ ಪತ್ರಕ್ಕೆ ಹಿಂದೆ ಹಿಂದೆ ಹೋಗಬೇಕು. ವಕೀಲರು ವಾಡಿಕೆಯಾಗಿ 30 ವರ್ಷಗಳಷ್ಟು ಹಿಂದಕ್ಕೆ ನೋಡುತ್ತಾರೆ. ಇದು ಸುಮ್ಮನೆ ಹೇಳಿದ ಸಂಖ್ಯೆಯಲ್ಲ. 1963ರ ಕಾಲಪರಿಮಿತಿ ಕಾಯಿದೆಯಂತೆ ಆಧಾರಮಾಡಿದ ಸ್ವತ್ತನ್ನು ಬಿಡಿಸಿಕೊಳ್ಳಲು 30 ವರ್ಷಗಳ ಅವಧಿಯುಂಟು. ಸರ್ಕಾರವು ದಾವೆ ಹೂಡಲು ಸಹ ಅಷ್ಟೇ ಅವಧಿ.

ಇದಕ್ಕಾಗಿ ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪತ್ರವನ್ನು ತರುತ್ತೇವೆ. ಜನರ ಬಾಯಲ್ಲಿ ಇದು 'ಇ.ಸಿ.' ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಇದು ಅವಶ್ಯವಾದುದೇ, ಆದರೆ ಇದು ಹೇಳದ ಸಂಗತಿಗಳು ಹೇಳುವ ಸಂಗತಿಗಳಿಗಿಂತ ಕಡಮೆಯಲ್ಲ. ನೋಂದಣಿಯಾದ ಪತ್ರಗಳು ಮಾತ್ರ ಇದರಲ್ಲಿ ಕಾಣುತ್ತವೆ. ಮೂಲಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಸಾಲ ಪಡೆಯುವ ಬಗೆಯ ಆಧಾರಕ್ಕೆ ನೋಂದಣಿ ಕಡ್ಡಾಯವಲ್ಲವಾದುದರಿಂದ ಅದು ಇದರಲ್ಲಿ ಸಿಕ್ಕದೆ ಹೋಗಬಹುದು. "ಮೂಲಪತ್ರ ಕಳೆದುಹೋಗಿದೆ, ನಕಲಿದೆ" ಎಂದು ಮಾರುವವರು ಹೇಳಿದರೆ ಕಿವಿ ನಿಮಿರಬೇಕಾದುದು ಇದಕ್ಕಾಗಿಯೇ. ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆಯೂ ಇದರಲ್ಲಿ ಇರಬೇಕೆಂದಿಲ್ಲ. ದಾವೆಯ ನಡುವೆ ಕೊಂಡವನಿಗೆ, ಅವನಿಗದು ತಿಳಿಯದಿದ್ದರೂ, ತೀರ್ಪು ಅಂಟಿಕೊಳ್ಳುತ್ತದೆ. ಪುಣ್ಯವಶಾತ್ ಈಗ ನ್ಯಾಯಾಲಯಗಳ ಜಾಲತಾಣದಲ್ಲಿ ಪಕ್ಷಕಾರರ ಹೆಸರು ಕೊಟ್ಟು ಹುಡುಕಬಹುದು. ಉಯಿಲನ್ನು ನೋಂದಾಯಿಸಲೇಬೇಕೆಂಬ ನಿಯಮವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಡೆಯನ ಮರಣವು ಈ ಪತ್ರದಲ್ಲಿ ಕಾಣುವುದೇ ಇಲ್ಲ.

ಈ ಕೊನೆಯ ಮಾತನ್ನು ಒಂದು ಉದಾಹರಣೆಯಿಂದ ವಿವರಿಸುವುದು ಲೇಸು. ಊಹೆಯ ಉದಾಹರಣೆಯಾದರೂ ಇಂಥದು ಪ್ರತಿಯೊಂದು ಊರಿನಲ್ಲಿಯೂ ನಡೆಯುವುದುಂಟು. ಮೈಸೂರಿನಲ್ಲಿ ಒಬ್ಬ ಉಪಾಧ್ಯಾಯರು 1978ರಲ್ಲಿ ತಮ್ಮ ಸಂಪಾದನೆಯಿಂದ ನಿವೇಶನ ಕೊಂಡು ಮನೆ ಕಟ್ಟಿದರೆನ್ನೋಣ. 1996ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಶಿವಮೊಗ್ಗೆಯಲ್ಲಿರುವ ಒಬ್ಬ ಮಗಳು ಉಳಿದರು. ಮನೆಯ ವ್ಯವಹಾರವನ್ನು ನೋಡುತ್ತಿದ್ದ ಹಿರಿಯ ಮಗನ ಹೆಸರಿಗೆ ಖಾತೆಯಾಯಿತು. ಕಂದಾಯ, ದೀಪದ ಬಿಲ್ಲು, ನೀರಿನ ಬಿಲ್ಲು ಎಲ್ಲವೂ ಅವನ ಹೆಸರಿನಲ್ಲಿಯೇ ಬಂದುವು. ತಾಯಿ, ತಮ್ಮ ಇಬ್ಬರ ಒಪ್ಪಿಗೆಯಿಂದ, ಅವರ ರುಜುವನ್ನೂ ಪಡೆದು, ಅವನು 2019ರಲ್ಲಿ ಮನೆಯನ್ನು ಮಾರಿದನು. ಕೊಂಡವನು ಋಣಭಾರ ಪತ್ರವನ್ನು ತೆಗೆಯಿಸಿ ನೋಡಿದ್ದನು. ಅದರಲ್ಲಿ ಒಂದು ಕಲೆಯೂ ಇರಲಿಲ್ಲ. ಎರಡು ವರ್ಷಗಳ ಮೇಲೆ ಶಿವಮೊಗ್ಗೆಯ ಮಗಳು ತನ್ನ ಪಾಲಿಗಾಗಿ ದಾವೆ ಹೂಡಿದಳು.

ಅವಳದು ದುರಾಸೆಯೆಂದು ಅನೇಕರು ಹೇಳುವರು, ನಾನು ಹಾಗೆನ್ನಲಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲಿಲ್ಲದೆ ತೀರಿದ ಗಂಡಸಿನ ಸ್ವಯಾರ್ಜಿತ ಸ್ವತ್ತು ಅವನ ಹೆಂಡತಿ, ತಾಯಿ ಇದ್ದರೆ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಇವರೆಲ್ಲರಿಗೂ ಸಮವಾಗಿ ಸೇರುತ್ತದೆ. ಮಗಳಿಗೆ ಮದುವೆಯಾಗಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಈ ಮನೆಯಲ್ಲಿ ನಾಲ್ವರಿಗೆ ನಾಲ್ಕು ಪಾಲು. ಕೊಂಡವನಿಗೆ ದಕ್ಕಿದುದು ಮೂರು. ಪೂರ್ಣ ಬೆಲೆ ಕೊಟ್ಟು ಮುಕ್ಕಾಲು ಮನೆ ಕೊಂಡಂತಾಯಿತು. ಹಿರಿಯ ಮಗನೊಬ್ಬನೇ ರುಜುಮಾಡಿದ್ದರೆ ಕಾಲು ಮನೆಯೇ ಗತಿ! ವರ್ಷಗಳು ಕಳೆದುವೆಂಬ ಮಾತ್ರಕ್ಕೆ ಆಕೆಯ ಹಕ್ಕು ಕರಗದು. ಒಬ್ಬ ಪಾಲುದಾರನ ಸ್ವಾಧೀನವನ್ನು ಎಲ್ಲ ಪಾಲುದಾರರ ಪರವಾದ ಸ್ವಾಧೀನವೆಂದೇ ನ್ಯಾಯಾಲಯವು ಮೊದಲು ಭಾವಿಸುತ್ತದೆ.

ಪಿತ್ರಾರ್ಜಿತ ಸ್ವತ್ತಿನ ಕಥೆ ಇನ್ನೂ ದೊಡ್ಡದು. ಈ ವಿಷಯದಲ್ಲಿ ನಮ್ಮ ನಾಡು ಹಿಂದುಳಿದುದಲ್ಲ. 1933ರಷ್ಟು ಹಿಂದೆಯೇ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ, ವಿಭಾಗಕಾಲದಲ್ಲಿ ತಾಯಿ, ಅವಿವಾಹಿತ ಹೆಣ್ಣುಮಕ್ಕಳು, ವಿಧವೆಯರು ಮೊದಲಾದವರಿಗೆ ಪಾಲನ್ನು ಕೊಟ್ಟಿತು. 1994ರಲ್ಲಿ ಕರ್ನಾಟಕವು, ಆ ವೇಳೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳನ್ನು ಗಂಡುಮಕ್ಕಳಂತೆಯೇ ಹುಟ್ಟಿನಿಂದ ಪಾಲುದಾರರನ್ನಾಗಿ ಮಾಡಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ, ಮದುವೆಯ ಭೇದವಿಲ್ಲದೆ, ಅದೇ ನಿಯಮವಾಯಿತು. ಆ ದಿನ ತಂದೆ ಬದುಕಿರಬೇಕಾಗಿತ್ತೆ ಎಂಬ ಸಂಶಯವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಹರಿಸಿತು: ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಮಾರಾಟ, ವಿಭಾಗಗಳನ್ನು ಮಾತ್ರ ಕಾಯಿದೆಯು ಕದಲಿಸುವುದಿಲ್ಲ. ಮುಸಲ್ಮಾನರಿಗೂ ಕ್ರೈಸ್ತರಿಗೂ ಪಾಲಿನ ಲೆಕ್ಕ ಬೇರೆ. ಆದರೆ ಅಲ್ಲಿಯೂ ಮಗಳು ಪಾಲುದಾರಳೇ.

ಹೀಗಿರಲು ಕೊಳ್ಳುವವರು ಮಾಡಬೇಕಾದುದೇನು? ಕಾಗದಗಳ ಕಟ್ಟನ್ನು ನೋಡುವುದಕ್ಕೆ ಮುಂಚೆ ವಂಶವೃಕ್ಷವನ್ನು ಕೇಳಬೇಕು. ಒಡೆಯರು ತೀರಿದ್ದರೆ ಮರಣಪತ್ರವನ್ನೂ, ಉತ್ತರಾಧಿಕಾರಿಗಳೆಲ್ಲರ ಹೆಸರನ್ನೂ ಬರೆದುಕೊಂಡು, ಹೆಣ್ಣುಮಕ್ಕಳ ಹೆಸರು ಬಿಟ್ಟಿಲ್ಲವಷ್ಟೆ ಎಂದು ನೆರೆಹೊರೆಯಲ್ಲಿ ವಿಚಾರಿಸಬೇಕು. ಇದಕ್ಕೆ ಸಂಕೋಚ ಬೇಡ. ಎದುರುಮನೆಯ ಅಜ್ಜಿಗೆ ತಿಳಿದಿರುವ ಸಂಗತಿ ಎಷ್ಟೋ ಸಲ ಕಚೇರಿಗೂ ತಿಳಿದಿರದು. ಆ ಹೆಣ್ಣುಮಕ್ಕಳು ಕ್ರಯಪತ್ರಕ್ಕೇ ಮಾರುವವರಾಗಿ ರುಜುಮಾಡುವುದು ಎಲ್ಲಕ್ಕಿಂತ ಉತ್ತಮ. ಇಲ್ಲವೇ ಅವರಿಂದ ಮೊದಲೇ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರವಿರಬೇಕು. "ಅಕ್ಕ ಬಾಯಿಮಾತಿನಲ್ಲಿ ಒಪ್ಪಿದ್ದಾಳೆ" ಎಂಬುದು ಸಾಲದು. ಬಿಳಿಯ ಕಾಗದದ ಒಪ್ಪಿಗೆಯೂ ಸಾಲದು. ಪಾಲುದಾರರಲ್ಲಿ ಅಪ್ರಾಪ್ತ ವಯಸ್ಕರಿದ್ದು ಅವರ ಪ್ರತ್ಯೇಕ ಪಾಲನ್ನು ಮಾರುವುದಾದರೆ ನ್ಯಾಯಾಲಯದ ಅನುಮತಿ ಬೇಕು. ಅದಿಲ್ಲದೆ ತಂದೆತಾಯಿಗಳೇ ಮಾರಿದ್ದರೂ ಆ ಮಗುವು ಪ್ರಾಪ್ತವಯಸ್ಕವಾದ ಮೇಲೆ ಮೂರು ವರ್ಷಗಳೊಳಗೆ ಮಾರಾಟವನ್ನು ತಳ್ಳಿಹಾಕಿಸಬಹುದು.

ಮನೆಯಲ್ಲಿ ಯಾರು ವಾಸವಾಗಿದ್ದಾರೆಂಬುದನ್ನು ಕಣ್ಣಾರೆ ಕಂಡು, ಯಾವ ಹಕ್ಕಿನಿಂದ ಇದ್ದೀರೆಂದು ಅವರನ್ನೇ ಕೇಳಬೇಕು. ವಾಸವಾಗಿರುವವನ ಹಕ್ಕು ಕೊಳ್ಳುವವನಿಗೆ ಗೊತ್ತಿತ್ತೆಂದೇ ಕಾನೂನು ಎಣಿಸುತ್ತದೆ. "ಬಾಡಿಗೆಯವನೆಂದುಕೊಂಡೆ" ಎಂಬ ಉತ್ತರ ಆಮೇಲೆ ನಡೆಯದು. ಒಡೆಯನ ಬದಲು ಮುಖ್ತ್ಯಾರನು ಬಂದರೆ ಒಡೆಯನು ಜೀವಂತನಾಗಿರುವನೇ ಎಂದು ಅಂದೇ ತಿಳಿದುಕೊಳ್ಳಿ; ಸಾಧಾರಣವಾಗಿ ಬರೆದುಕೊಟ್ಟವನ ಮರಣದೊಡನೆ ಆ ಅಧಿಕಾರವೂ ಮುಗಿಯುತ್ತದೆ. ಕ್ರಯಪತ್ರವೇ ಇಲ್ಲದೆ, ಜಿ.ಪಿ.ಎ., ಕರಾರು, ಉಯಿಲು ಈ ಮೂರನ್ನು ಬರೆದುಕೊಟ್ಟು ಮಾರಿದೆವೆನ್ನುವ ಪದ್ಧತಿಯಿಂದ ಒಡೆತನ ಬಾರದೆಂದು 2011ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದೆ. ಊರ ಹೊರಗಿನ ನಿವೇಶನಗಳಲ್ಲಿ ಇನ್ನೊಂದನ್ನು ನೋಡಬೇಕು: ಆ ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರವು ಮಂಜೂರು ಮಾಡಿದುದಾಗಿದ್ದರೆ, 1978ರ ಕಾಯಿದೆಗೆ ವಿರುದ್ಧವಾಗಿ ಆದ ಮಾರಾಟ ಅಸಿಂಧು. 2023ರ ತಿದ್ದುಪಡಿಯ ಮೇಲೆ ಅದನ್ನು ಮರಳಿ ಕೇಳಲು ಕಾಲದ ಮಿತಿಯೂ ಉಳಿದಿಲ್ಲ.

ಹಣದ ಮಾತು ಸ್ವಲ್ಪ. ಮುಂಗಡವು ರೂ. 20,000 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ನಗದಾಗಿ ಸಲ್ಲದು. ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ನೂರಕ್ಕೆ 1ರಂತೆ ಹಿಡಿದು ಆದಾಯ ತೆರಿಗೆಗೆ ಕಟ್ಟಬೇಕು. ಕರ್ನಾಟಕದಲ್ಲಿ ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಇದಕ್ಕೆ ಹೊರತು. ಕಟ್ಟುತ್ತಿರುವ ಫ್ಲ್ಯಾಟನ್ನು ಕೊಳ್ಳುವವರಿಂದ, 2016ರ ರೇರಾ ಕಾಯಿದೆಯಂತೆ, ಕರಾರುಪತ್ರ ನೋಂದಣಿಯಾಗುವುದಕ್ಕೆ ಮುಂಚೆ ಬೆಲೆಯ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಮಾರುವವರಿಗೂ ಎರಡು ಮಾತು ಹೇಳಬೇಕು. ನೋಂದಣಿಯಾದ ಕ್ರಯಪತ್ರವು ಬಾಕಿ ಹಣ ಬರಲಿಲ್ಲವೆಂಬ ಕಾರಣಕ್ಕೆ ಸಾಮಾನ್ಯವಾಗಿ ರದ್ದಾಗದು. ಆ ಹಣಕ್ಕೆ ಮನೆಯ ಮೇಲೆ ಹೊರೆಯುಂಟಾದರೂ ದಾವೆ ಹೂಡಿಯೇ ವಸೂಲು ಮಾಡಬೇಕು. ಆದುದರಿಂದ ಪೂರ್ಣ ಹಣ ಕೈಸೇರಿದ ಮೇಲೆಯೇ ರುಜು. ಸದ್ಯಕ್ಕೆ ಮಾರುವ ಯೋಚನೆಯಿಲ್ಲದ ಮನೆಯವರು ತಂದೆ ತೀರಿದ ಮೇಲೆ ಖಾತೆಯನ್ನು ಎಲ್ಲ ಉತ್ತರಾಧಿಕಾರಿಗಳ ಹೆಸರಿಗೂ ಮಾಡಿಸಲಿ. ಇಲ್ಲವೇ ಅಕ್ಕತಂಗಿಯರಿಗೆ ಸಲ್ಲಬೇಕಾದುದನ್ನು ಸಲ್ಲಿಸಿ, ಪ್ರೀತಿಯಿರುವಾಗಲೇ ಪತ್ರವನ್ನು ನೋಂದಾಯಿಸಲಿ. ಮುಂದೆ ಮೊಮ್ಮಕ್ಕಳ ಕಾಲದಲ್ಲಿ ಹನ್ನೆರಡು ಊರುಗಳಿಂದ ಹನ್ನೆರಡು ರುಜುಗಳನ್ನು ತರುವ ಕಷ್ಟ ತಪ್ಪುವುದು.

ನೋಂದಣಿಯಾದ ಮೇಲೆ ಹೊಸ ಪತ್ರದೊಡನೆ ಹಿಂದಿನ ಮೂಲಪತ್ರಗಳನ್ನೆಲ್ಲ ಎಣಿಸಿ ಪಡೆದು, ಖಾತೆ ಬದಲಾವಣೆಗೆ ಅರ್ಜಿ ಕೊಟ್ಟು, ಕೆಲವು ದಿನಗಳ ತರುವಾಯ ಋಣಭಾರ ಪತ್ರವನ್ನು ಮತ್ತೊಮ್ಮೆ ತೆಗೆಯಿಸಿರಿ. ಹೆಸರು, ಅಳತೆ, ಚಕ್ಕುಬಂದಿ ಮೂರನ್ನೂ ಕ್ರಯಪತ್ರಕ್ಕೆ ಹೋಲಿಸಿ ನೋಡಿರಿ. ಪತ್ರದಲ್ಲಿಯೇ ತಪ್ಪಿದ್ದರೆ, ಮಾರಿದವರು ಊರು ಬಿಡುವುದಕ್ಕೆ ಮುಂಚೆ ತಿದ್ದುಪಡಿ ಪತ್ರವನ್ನು ಬರೆಯಿಸಿಕೊಳ್ಳಬೇಕು.