ಚಳಿಗೆ ಮುಂಚೆ ಬಚ್ಚಲುಮನೆ ಕಿಂಡಿ ನೋಡಿ

ಚಿಕ್ಕಮಗಳೂರು: ಮಳೆ ಬಿಡ್ತು, ಇನ್ನು ಚಳಿ. ಈ ಭಾನುವಾರ ಕೈತೋಟದಲ್ಲಿ ಮೂಲಂಗಿ, ಕೊತ್ತಂಬರಿ ಬಿತ್ತೋರು ಬಚ್ಚಲುಮನೆಗೂ ಅರ್ಧ ಗಂಟೆ ಕೊಡಿ.

ತಣ್ಣನೆ ಗಾಳಿ ಬರುತ್ತೆ ಅಂತ ಹೋದ ವರ್ಷ ಕಿಂಡಿಗೆ ರಟ್ಟು ತುರುಕಿದ್ದರೆ ಮೊದಲು ಅದನ್ನ ಕಿತ್ತುಹಾಕಿ. ಒಳಗೆ ಗ್ಯಾಸ್ ಗೀಸರ್ ಇದ್ದರಂತೂ ಇದು ಜೀವದ ಪ್ರಶ್ನೆ. ಗಾಳಿಯಾಡದ ಕೋಣೆಯಲ್ಲಿ ಗೀಸರ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗುತ್ತೆ, ಆ ಗ್ಯಾಸ್‌ಗೆ ವಾಸನೆ ಬೆರೆಸಿರುತ್ತಾರೆ. ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆ ಸುತ್ತಿತು ಅಂದುಕೊಳ್ಳೋಷ್ಟರಲ್ಲೇ ಪ್ರಜ್ಞೆ ತಪ್ಪಬಹುದು.

ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿ, ಬಿಸಿನೀರು ಮಾತ್ರ ಪೈಪಲ್ಲಿ ಒಳಗೆ ಬರೋ ಹಾಗೆ ಮಾಡಿಸೋದೇ ಸರಿ. ಪ್ಲಂಬರ್ ಸಿಗೋವರೆಗೆ ಬಾಗಿಲು ತೆರೆದಿಟ್ಟೇ ಬಕೆಟ್ ತುಂಬಿಸಿ. ಗೀಸರ್ ಆರಿಸಿ, ಒಳಗಿನ ಗಾಳಿ ಹೊರಗೆ ಹೋದ ಮೇಲೆ ಸ್ನಾನ ಮಾಡಿ.