ಇಳಿವಯಸ್ಸಿನ ಕಾಲುಗಳಿಗೆ ಬಲ

“ಬಚ್ಚಲಲ್ಲಿ ಜಾರಿ ಬಿದ್ದರಂತೆ, ಆಮೇಲೆ ಹಾಸಿಗೆ ಬಿಟ್ಟು ಏಳಲೇ ಇಲ್ಲವಂತೆ” ಎಂಬ ಮಾತನ್ನು, ಊರಿನ ಹಿರಿಯರ ಕೊನೆಗಾಲದ ವೃತ್ತಾಂತಗಳಲ್ಲಿ, ನಾವೆಲ್ಲರೂ ಒಂದಲ್ಲ ಒಂದು ಸಲ ಕೇಳಿಯೇ ಇರುತ್ತೇವೆ. ಬಿದ್ದದ್ದು ಕೇವಲ ಆಕಸ್ಮಿಕ, ಏಳದೆ ಹೋದದ್ದು ವಿಧಿಲಿಖಿತ ಎಂಬ ಎರಡು ನಂಬಿಕೆಗಳು ಆ ಒಂದು ಮಾತಿನೊಳಗೆ ಅಡಗಿವೆ. ವೈದ್ಯವಿಜ್ಞಾನವು ಕಳೆದ ಮೂರುನಾಲ್ಕು ದಶಕಗಳಲ್ಲಿ ತೋರಿಸಿಕೊಟ್ಟಿರುವುದೇನೆಂದರೆ, ಆ ಎರಡೂ ಬಹುಮಟ್ಟಿಗೆ ತಪ್ಪು. 65 ವರ್ಷ ದಾಟಿದವರಲ್ಲಿ ಹೆಚ್ಚುಕಡಮೆ ಮೂವರಿಗೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಬಿದ್ದ ಕಾರಣದಿಂದ ಪ್ರಪಂಚದಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರದಷ್ಟು ಮಂದಿ ಮೃತರಾಗುತ್ತಾರೆಂದೂ, ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೇಳುತ್ತದೆ. ಇಷ್ಟು ವ್ಯಾಪಕವಾದ ವಿಪತ್ತನ್ನು ಆಕಸ್ಮಿಕವೆಂದು ಕರೆಯುವುದು ಸಲ್ಲದು.

ನೆಟ್ಟಗೆ ನಿಂತಿರುವುದು ನಮಗೆ ವಿಶ್ರಾಂತಿಯಂತೆ ತೋರಿದರೂ, ದೇಹಕ್ಕೆ ಅದು ಎಡೆಬಿಡದ ದುಡಿಮೆ. ಕಣ್ಣುಗಳು, ಒಳಗಿವಿಯ ಅರ್ಧವೃತ್ತಾಕಾರದ ನಾಳಗಳು, ಅಂಗಾಲು ಮತ್ತು ಕೀಲುಗಳಲ್ಲಿ ಹರಡಿಕೊಂಡಿರುವ ನರತಂತುಗಳು, ಈ ಮೂರೂ ದೇಹವು ಎತ್ತ ಓಲುತ್ತಿದೆಯೆಂಬುದನ್ನು ಕ್ಷಣಕ್ಷಣಕ್ಕೂ ಮಿದುಳಿಗೆ ಅರುಹುತ್ತಿರಲು, ಮಿದುಳು ಅವುಗಳನ್ನೆಲ್ಲ ತಾಳೆನೋಡಿ ಕಾಲಿನ ಸ್ನಾಯುಗಳಿಗೆ ಆಜ್ಞೆಗಳನ್ನು ಕಳುಹಿಸುತ್ತಲೇ ಇರುತ್ತದೆ. ಹೊಸ್ತಿಲಿಗೆ ಕಾಲ್ಬೆರಳು ತಗುಲಿ ಮುಗ್ಗರಿಸಿದವರನ್ನು ಉಳಿಸುವುದು, ಒಂದು ಸೆಕೆಂಡಿಗೂ ಕಡಮೆಯಾದ ಅವಧಿಯಲ್ಲಿ ಇನ್ನೊಂದು ಕಾಲು ಮುಂದಕ್ಕೆ ಚಿಮ್ಮಿ ಮೈಭಾರವನ್ನು ಆತುಕೊಳ್ಳುವ ಶಕ್ತಿ. ಸ್ನಾಯುವಿನಲ್ಲಿ ನಿಧಾನವಾಗಿ ದುಡಿದು ಬಹುಕಾಲ ದಣಿಯದ ಎಳೆಗಳೂ ಉಂಟು, ಥಟ್ಟನೆ ಬಲವನ್ನು ಬೀರಿ ಬೇಗ ದಣಿಯುವ ಎಳೆಗಳೂ ಉಂಟು; ಮುಪ್ಪಿನಲ್ಲಿ ಹೆಚ್ಚಾಗಿ ಕೃಶವಾಗುವುವು ಈ ಎರಡನೆಯವು. ಆದುದರಿಂದಲೇ ಅಂಗಳದಲ್ಲಿ ಆಯಾಸವಿಲ್ಲದೆ ಹತ್ತು ಸುತ್ತು ನಡೆಯಬಲ್ಲ ಅಜ್ಜಿಯವರು ಕಾಲೊರಸಿಗೆ ಎಡವಿದಾಗ ತಮ್ಮನ್ನು ತಡೆದುಕೊಳ್ಳಲಾರರು. ವಯಸ್ಸಿನೊಡನೆ ಬರುವ ಈ ಮಾಂಸಕ್ಷಯಕ್ಕೆ, ಗ್ರೀಕ್ ಭಾಷೆಯ ‘ಮಾಂಸ’, ‘ಕೊರತೆ’ ಎಂಬ ಅರ್ಥದ ಎರಡು ಶಬ್ದಗಳನ್ನು ಸಮಾಸಗೊಳಿಸಿ, 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಅವರು ‘ಸಾರ್ಕೊಪೀನಿಯ’ ಎಂಬ ಹೆಸರನ್ನು ಕೊಟ್ಟರು.

ಅದರ ಮರುವರ್ಷವೇ ಪ್ರಕಟವಾದ ಒಂದು ಪ್ರಯೋಗವನ್ನು ನಾನು ಎಷ್ಟು ಸಲ ಓದಿದರೂ ನನ್ನ ಅಚ್ಚರಿ ತಗ್ಗಿಲ್ಲ. ಬೋಸ್ಟನ್ ನಗರದ ವೃದ್ಧರ ಆರೈಕೆಯ ಆಲಯವೊಂದರಲ್ಲಿ, ಮರಿಯಾ ಫಿಯಟರೋನೆ ಎಂಬ ವೈದ್ಯೆಯೂ ಅವರ ಸಹೋದ್ಯೋಗಿಗಳೂ, 86ರಿಂದ 96 ವರ್ಷದವರೆಗಿನ ಹತ್ತು ಮಂದಿ ದುರ್ಬಲರಾದ ವೃದ್ಧರನ್ನು ಕುರ್ಚಿಯಲ್ಲಿ ಕೂರಿಸಿ, ತೂಕದ ಎದುರಾಗಿ ಮೊಣಕಾಲನ್ನು ನೀಡುವ ವ್ಯಾಯಾಮವನ್ನು ವಾರಕ್ಕೆ ಮೂರು ಸಲದಂತೆ ಎಂಟು ವಾರ ಮಾಡಿಸಿದರು. ತೂಕವೂ ನಾಮಮಾತ್ರದ್ದಲ್ಲ, ಆಯಾ ವ್ಯಕ್ತಿಯು ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ನೂರಕ್ಕೆ 80ರವರೆಗೆ ಅದನ್ನು ಏರಿಸಲಾಗುತ್ತಿತ್ತು. ವ್ಯಾಯಾಮವನ್ನು ಪೂರ್ಣಗೊಳಿಸಿದ ಒಂಬತ್ತು ಮಂದಿಯಲ್ಲಿ ತೊಡೆಯ ಬಲವು ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು, ಎಂದರೆ ಮೊದಲಿದ್ದುದರ ಎರಡೂವರೆ ಪಾಲನ್ನು ಮೀರಿತು. ಇಬ್ಬರು ಊರುಗೋಲನ್ನು ಬಿಟ್ಟು ನಡೆದರು. ಎಂಬತ್ತು ವರ್ಷ ದುಡಿದು ಸವೆದ ಸ್ನಾಯುವು ಇನ್ನು ಬೆಳೆಯಲಾರದೆಂದು ಲೋಕವೆಲ್ಲ ನಂಬಿದ್ದಾಗ, ತೊಂಬತ್ತರ ತೊಡೆಯು ಭಾರದ ಕರೆಗೆ ಓಗೊಟ್ಟಿತು.

1994ರಲ್ಲಿ ಅದೇ ತಂಡವು ನೂರು ಮಂದಿಯನ್ನು ತೆಗೆದುಕೊಂಡು ಇನ್ನೊಂದು ಪ್ರಶ್ನೆಯನ್ನು ಕೇಳಿತು: ವ್ಯಾಯಾಮದ ಗೋಜಿಲ್ಲದೆ, ಪುಷ್ಟಿಕರವಾದ ಪಾನೀಯವನ್ನಷ್ಟೇ ಕುಡಿಸಿದರೆ ಬಲವು ಬಂದೀತೆ? ಬರಲಿಲ್ಲ. ಹತ್ತು ವಾರದ ಬಳಿಕ ಬಲಗೊಂಡವರು ವ್ಯಾಯಾಮ ಮಾಡಿದವರೇ. ವೃದ್ಧರಿಗಾಗಿ ಡಬ್ಬಿಗಟ್ಟಲೆ ಪುಡಿಗಳನ್ನು ಕೊಂಡುತಂದು ತಮ್ಮ ಕರ್ತವ್ಯವು ತೀರಿತೆಂದು ನೆಮ್ಮದಿಗೊಳ್ಳುವ ಮಕ್ಕಳು ಈ ಫಲಿತಾಂಶವನ್ನು ಗಮನಿಸಬೇಕೆಂದು ನನ್ನ ಕಳಕಳಿ. ದುಡಿಸದ ಸ್ನಾಯುವಿಗೆ ಆಹಾರದ ಉಪಯೋಗವು ತಿಳಿಯದು.

ಬಲವು ಬಂದರೆ ಬೀಳುವುದು ತಪ್ಪುವುದೇ ಎಂಬುದಕ್ಕೆ ಉತ್ತರವು ನ್ಯೂಜಿಲೆಂಡಿನ ಡನೀಡಿನ್ ನಗರದಿಂದ ಬಂದಿತು. ಅಲ್ಲಿನ ಒಟಾಗೊ ವಿಶ್ವವಿದ್ಯಾನಿಲಯದ ಜಾನ್ ಕ್ಯಾಂಪ್‌ಬೆಲ್ ಮತ್ತು ಅವರ ಸಂಗಡಿಗರು, ಎಂಬತ್ತು ದಾಟಿದ ಸ್ತ್ರೀಯರ ಮನೆಗಳಿಗೇ ಫಿಸಿಯೋಥೆರಪಿಸ್ಟರನ್ನು ಕಳುಹಿಸಿ, ಕಣಕಾಲಿಗೆ ಭಾರದ ಪಟ್ಟಿಯನ್ನು ಕಟ್ಟಿ ಕಾಲೆತ್ತುವುದನ್ನೂ, ಒಂದು ಪಾದದ ಮುಂದೆ ಇನ್ನೊಂದನ್ನು ಕೂಡಿಸಿ ನಡೆಯುವಂಥ ಸಮತೋಲದ ಅಭ್ಯಾಸಗಳನ್ನೂ ಕಲಿಸಿದರು. ವಾರಕ್ಕೆ ಮೂರು ದಿನ ಅರ್ಧ ಗಂಟೆಯ ಅಭ್ಯಾಸ, ಉಳಿದಂತೆ ಒಂದಿಷ್ಟು ನಡಿಗೆ, ಇದಿಷ್ಟೇ ಕ್ರಮ. ಇದರ ನಾಲ್ಕು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಬೀಳುವಿಕೆಯು ನೂರಕ್ಕೆ 35ರಷ್ಟು ಕಡಮೆಯಾಗಿತ್ತು. 2019ರಲ್ಲಿ 25 ದೇಶಗಳ 108 ಪ್ರಯೋಗಗಳನ್ನು ಪರಾಮರ್ಶಿಸಿದ ಕೊಕ್ರೇನ್ ಎಂಬ ಸಂಸ್ಥೆಯ ಸಮೀಕ್ಷೆಯೂ, ವ್ಯಾಯಾಮದಿಂದ ಬೀಳುವಿಕೆಯು ಕಾಲುಭಾಗದಷ್ಟು ತಗ್ಗುವುದೆಂದು ಹೇಳಿತು. ಬರಿಯ ನಡಿಗೆಯೊಂದೇ ಈ ಫಲವನ್ನು ಕೊಡುವುದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಸಮತೋಲವನ್ನು ತುಸು ಕೆಣಕುವ, ತೊಡೆಯನ್ನು ತುಸು ದಣಿಸುವ ಅಭ್ಯಾಸವೇ ಬೇಕು.

ಇದಕ್ಕೆ ಯಂತ್ರಗಳು ಬೇಡ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ, ಸಾಧ್ಯವಾದಷ್ಟೂ ಕೈಯೂರದೆ, ಹತ್ತು ಸಲ ಎದ್ದು ಕೂರುವುದು; ಅಡಿಗೆಮನೆಯ ಕಟ್ಟೆಯನ್ನು ಹಿಡಿದು ಹಿಮ್ಮಡಿಯನ್ನೆತ್ತಿ ನಿಲ್ಲುವುದು; ಅದೇ ಕಟ್ಟೆಯ ಉದ್ದಕ್ಕೂ ಅಡ್ಡಡ್ಡಲಾಗಿ ಹೆಜ್ಜೆಯಿಡುವುದು; ಪಕ್ಕದಲ್ಲಿ ಮನೆಯವರೊಬ್ಬರು ಇರುವಾಗ ಒಂಟಿಕಾಲಿನಲ್ಲಿ ಕೆಲವು ಎಣಿಕೆಯಷ್ಟು ನಿಲ್ಲುವುದು. ಸುಲಭವಾದೊಡನೆ ಅಭ್ಯಾಸವನ್ನು ಕಠಿನಗೊಳಿಸಬೇಕೆಂಬುದೇ ಇದರ ಜೀವಾಳ. ಕುರ್ಚಿಯಿಂದೆದ್ದು ಮೂರು ಮೀಟರು ನಡೆದು ತಿರುಗಿ ಬಂದು ಕೂರಲು ಹನ್ನೆರಡು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಭಯವುಂಟೆಂದು ತಿಳಿದು ವೈದ್ಯರನ್ನು ಕಾಣತಕ್ಕದ್ದು. ನಿದ್ರೆಯ ಗುಳಿಗೆ, ರಕ್ತದೊತ್ತಡದ ಗುಳಿಗೆ, ಮಬ್ಬಾದ ಕಣ್ಣು ಇವುಗಳ ವಿಚಾರವೂ ಆಗಲೇ ನಡೆಯಬೇಕು.

ಇನ್ನು ಆಹಾರ. ಸ್ನಾಯುವು ಕಟ್ಟಲ್ಪಡುವುದು ಸಸಾರಜನಕದಿಂದ, ಎಂದರೆ ಇಂದಿನ ಮಾತಿನ ಪ್ರೋಟೀನಿನಿಂದ. ತರುಣರ ಸ್ನಾಯುವು ಅಲ್ಪ ಪ್ರೋಟೀನಿಗೂ ಸ್ಪಂದಿಸುವುದು. ಮುಪ್ಪಿನ ಸ್ನಾಯುವಿಗೆ ಅದೇ ಕೆಲಸಕ್ಕೆ ಹೆಚ್ಚು ಬೇಕು. ಆದುದರಿಂದ ವೃದ್ಧರಿಗೆ ಮೈತೂಕದ ಒಂದೊಂದು ಕಿಲೋವಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕೆಂದು 2013ರಲ್ಲಿ ತಜ್ಞರ ಅಂತರರಾಷ್ಟ್ರೀಯ ಮಂಡಲಿಯೊಂದು ಸಲಹೆಯಿತ್ತಿತು. ಆದರೆ ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿಪರೀತ. ವಯಸ್ಸಾಯಿತು, ಜೀರ್ಣವಾಗದು ಎಂಬ ಭಾವನೆಯಿಂದ ಹಿರಿಯರು ರಾತ್ರಿಗೆ ಗಂಜಿಯನ್ನೋ ನೀರುಮಜ್ಜಿಗೆಯ ಅನ್ನವನ್ನೋ ಉಂಡು ಏಳುತ್ತಾರೆ. ಬೇಳೆಯು ಪಾತ್ರೆಯ ತಳದಲ್ಲುಳಿದು ತಿಳಿಸಾರು ಮಾತ್ರ ಅವರ ತಟ್ಟೆಗೆ ಬೀಳುತ್ತದೆ. ಬಸ್ಸಾರಿನ ದಿನ ಹಲ್ಲಿಲ್ಲವೆಂದು ಕಾಳಿನ ಪಲ್ಯವನ್ನು ಸರಿಸುತ್ತಾರೆ. ಬೇಯಿಸಿ ಮಸೆದ ಹುರುಳಿಯಾಗಲಿ ಅವರೆಯಾಗಲಿ ಹಲ್ಲನ್ನು ಬೇಡದು. 50 ಕಿಲೋ ತೂಗುವವರಿಗೆ ದಿನಕ್ಕೆ ಬೇಕಾದದ್ದು 50ರಿಂದ 60 ಗ್ರಾಂ. ಅರ್ಧ ಲೀಟರು ಹಾಲುಮೊಸರಿನಿಂದ ಸುಮಾರು 16, ಅರವತ್ತು ಗ್ರಾಂ ಬೇಳೆಕಾಳಿನಿಂದ ಸುಮಾರು 14, ತಿನ್ನುವವರಿಗೆ ಒಂದು ಮೊಟ್ಟೆಯಿಂದ 6, ಒಂದು ಹಿಡಿ ಕಡಲೆಕಾಯಿಬೀಜದಿಂದ 7, ಉಳಿದದ್ದು ಮುದ್ದೆ ಅನ್ನಗಳಿಂದ ಎಂದು ಲೆಕ್ಕ ಹಾಕಿದರೆ ಗುರಿಯು ದೂರವಲ್ಲ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಇರುವುದು ಮೂಳೆಗೆ ದೊರೆಯುವ ಹೆಚ್ಚಿನ ಲಾಭ. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನನ್ನು ಹೆಚ್ಚಿಸಬೇಕು.

ಜೀವಸತ್ವ ‘ಡಿ’ಯ ಕೊರತೆಯಿದ್ದವರು ವೈದ್ಯರು ಹೇಳಿದಷ್ಟನ್ನು ಸೇವಿಸುವುದು ಯುಕ್ತ; ಆದರೆ ಆಸ್ಟ್ರೇಲಿಯದಲ್ಲಿ ಎಪ್ಪತ್ತು ದಾಟಿದ ಸ್ತ್ರೀಯರಿಗೆ ವರ್ಷಕ್ಕೊಂದೇ ಸಲ ಐದು ಲಕ್ಷ ಯೂನಿಟ್ಟುಗಳ ಭಾರಿ ಪ್ರಮಾಣವನ್ನು ಕೊಟ್ಟು ನೋಡಿದಾಗ, ಬೀಳುವಿಕೆಯೂ ಮೂಳೆಮುರಿತವೂ ಹೆಚ್ಚಿದವೆಂದು 2010ರಲ್ಲಿ ವರದಿಯಾಯಿತು.

ಬಿದ್ದ ಮೇಲಿನ ಮಾತನ್ನು ಕಡೆಗೆ ಹೇಳುತ್ತಿದ್ದರೂ ನನ್ನ ಮನಸ್ಸಿನಲ್ಲಿ ಅದೇ ಮೊದಲಿನದು. ಆರೋಗ್ಯವಂತರಾದ ಹಿರಿಯರು ಪ್ರಯೋಗಕ್ಕಾಗಿ ಹತ್ತು ದಿನ ಹಾಸಿಗೆಯಲ್ಲಿ ಮಲಗಿದಾಗ, ಅವರ ಕಾಲುಗಳಿಂದ ಹೆಚ್ಚುಕಡಮೆ ಒಂದು ಕಿಲೋ ಮಾಂಸವು ಕರಗಿಹೋಯಿತೆಂದು 2007ರಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ಅವರು ಬಿದ್ದಿರಲಿಲ್ಲ, ಮೂಳೆ ಮುರಿದಿರಲಿಲ್ಲ, ಮಲಗಿದ್ದರು, ಅಷ್ಟೆ. “ಏಳಬೇಡಿ, ನಾವಿದ್ದೇವೆ” ಎಂದು ಪ್ರೀತಿಯಿಂದ ಮಲಗಿಸಿದ ಒಂದೊಂದು ದಿನವೂ ಇಂಥ ನಷ್ಟವನ್ನು ಬೆಳೆಸುತ್ತದೆ. ತೊಡೆಮೂಳೆಯ ಕುತ್ತಿಗೆ ಮುರಿದವರನ್ನೂ ಶಸ್ತ್ರಚಿಕಿತ್ಸೆಯ ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಇಂದಿನ ಚಿಕಿತ್ಸಾಕ್ರಮ. ಆ ದಿನಗಳಲ್ಲಿ ಪ್ರೋಟೀನಿನ ಆವಶ್ಯಕತೆಯೂ ಎಂದಿಗಿಂತ ಹೆಚ್ಚು. ನಿಮ್ಮ ಮನೆಯ ಹಿರಿಯರು ಆಸ್ಪತ್ರೆಗೆ ಸೇರಿದ ದಿನವೇ ವೈದ್ಯರೊಡನೆ ಎರಡು ಪ್ರಶ್ನೆಗಳನ್ನು ಕೇಳಿರಿ: ಇವರನ್ನು ಯಾವಾಗ ಎಬ್ಬಿಸಿ ನಡೆಸಬಹುದು, ಮತ್ತು ಅಲ್ಲಿಯವರೆಗೆ ಹಾಸಿಗೆಯಲ್ಲಿಯೇ ಯಾವ ಯಾವ ಕೀಲನ್ನು ಆಡಿಸಬಹುದು.